ಓದುಗರ ಪ್ರಶ್ನೆ: ಕೆರಿಬಿಯನ್ ಕಡಲಿಗೆ ಇಬ್ಬರೇ ಹೊರಟಾಗ

ಪ್ರಶ್ನೆ: ನಮ್ಮ ಮನೆಯವರು ಹೋದ ವರ್ಷ ಬ್ಯಾಂಕಿನ ಕೆಲಸದಿಂದ ನಿವೃತ್ತರಾದರು. ಅಟ್ಲಾಂಟಾದಲ್ಲಿರುವ ಮಗಳು ಮತ್ತು ಅಳಿಯ ನಮ್ಮ ಮದುವೆಯ ಮೂವತ್ತೈದನೆಯ ವರ್ಷದ ನೆನಪಿಗೆಂದು ಬರುವ ಫೆಬ್ರುವರಿಯಲ್ಲಿ ನಮ್ಮಿಬ್ಬರನ್ನು ಕ್ರೂಸ್ ಪ್ರವಾಸಕ್ಕೆ ಕಳುಹಿಸಬೇಕೆಂದಿದ್ದಾರೆ. ಮಯಾಮಿಯಿಂದ ಹೊರಟು ಜಮೈಕಾ, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೊಝುಮೆಲ್ ದ್ವೀಪಗಳನ್ನು ಮುಟ್ಟಿ ಮರಳುವ ಏಳು ರಾತ್ರಿಗಳ ಪ್ರವಾಸವದು. ನಾನು ಇದುವರೆಗೆ ಹತ್ತಿರುವುದು ರಂಗನತಿಟ್ಟಿನ ದೋಣಿಯನ್ನು ಮಾತ್ರ. ಬಸ್ಸಿನಲ್ಲಿ ಮಡಿಕೇರಿಗೆ ಹೋದರೂ ತಲೆ ಸುತ್ತಿ ವಾಂತಿಯಾಗುತ್ತದೆ. ಈಜು ಬರುವುದಿಲ್ಲ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಇಬ್ಬರೂ ಸಸ್ಯಾಹಾರಿಗಳು. ‘ಮಗಳ ಮನೆಯಲ್ಲೇ ಹಾಯಾಗಿ ಇದ್ದು ಬರೋಣ, ಸಮುದ್ರದ ಮೇಲೆ ಯಾಕೆ ಅಷ್ಟು ಹಣ ಸುರಿಯಬೇಕು’ ಎಂದು ಇವರು ಹೇಳುತ್ತಾರೆ. ನನಗೆ ಹೋಗಬೇಕೆಂಬ ಆಸೆಯಿದೆ, ಜೊತೆಗೆ ಭಯವೂ ಇದೆ. ಏನು ಮಾಡಲಿ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ಹೋಗಿ ಬನ್ನಿ. ನೀವು ಬರೆದಿರುವ ಭಯಗಳಲ್ಲಿ ಒಂದೂ ಸುಳ್ಳಲ್ಲ, ಆದರೆ ಹೊರಡುವ ಮುನ್ನ ಸರಿಪಡಿಸಿಕೊಳ್ಳಲಾಗದಂಥದ್ದೂ ಅವುಗಳಲ್ಲಿ ಒಂದಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಯಜಮಾನರೂ ಇದೇ ದಾರಿಯಲ್ಲಿ, ಇವೇ ಅಳುಕುಗಳನ್ನು ಹೊತ್ತುಕೊಂಡು ಹೋಗಿ ಬಂದಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಹಡಗು ಮಯಾಮಿ ಬಿಟ್ಟ ಮೇಲೆ ನೀವು ಅಮೆರಿಕದಿಂದ ಹೊರಗೆ ಹೋದಂತೆ. ಎಂಟನೆಯ ದಿನ ಬೆಳಿಗ್ಗೆ ಮತ್ತೆ ಒಳಗೆ ಬರಬೇಕು. ಆದ್ದರಿಂದ ನಿಮ್ಮ ಪ್ರವಾಸಿ ವೀಸಾದಲ್ಲಿ ಎಷ್ಟು ಸಲ ಪ್ರವೇಶ ಎಂಬಲ್ಲಿ ‘ಎಂ’ ಅಕ್ಷರ, ಅಂದರೆ ಅನೇಕ ಬಾರಿ ಎಂಬ ಗುರುತು, ಇರಲೇಬೇಕು. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಗೆ ಇಂಥದ್ದೇ ವೀಸಾ ಸಿಗುತ್ತದೆಯಾದರೂ ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ಆ ವೀಸಾ ಇದ್ದವರಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಾಗುವುದಿಲ್ಲ. ಉಳಿದ ದ್ವೀಪಗಳ ಬಗ್ಗೆ, ‘ನಾವು ಭಾರತದ ಪಾಸ್‌ಪೋರ್ಟ್ ಹೊಂದಿದವರು’ ಎಂದು ಸ್ಪಷ್ಟವಾಗಿ ತಿಳಿಸಿ, ಹಡಗಿನ ಸಂಸ್ಥೆಯಿಂದ ಬರಹದಲ್ಲಿಯೇ ಉತ್ತರ ಪಡೆಯುವಂತೆ ಮಗಳಿಗೆ ಹೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಪ್ರಜೆಗಳು ಇಂತಹ ಪ್ರವಾಸಕ್ಕೆ ಜನನ ಪ್ರಮಾಣಪತ್ರ ಮತ್ತು ಒಂದು ಗುರುತಿನ ಚೀಟಿ ಹಿಡಿದು ಹೋಗಬಹುದು. ಹೀಗಾಗಿ ಅಲ್ಲಿನ ಸ್ನೇಹಿತರು ‘ಕಾಗದಪತ್ರದ ತಾಪತ್ರಯವೇ ಇಲ್ಲ’ ಎಂದು ಧೈರ್ಯ ಹೇಳುತ್ತಾರೆ. ಆ ಧೈರ್ಯ ನಮಗೆ ಅನ್ವಯಿಸುವುದಿಲ್ಲ.

ಇನ್ನು ತಲೆಸುತ್ತು. ಕಣ್ಣು ‘ನಾನು ಕೋಣೆಯೊಳಗೆ ಸುಮ್ಮನೆ ಕುಳಿತಿದ್ದೇನೆ’ ಎನ್ನುವಾಗ ಒಳಗಿವಿ ‘ಇಲ್ಲ, ತೂಗುತ್ತಿದ್ದೇನೆ’ ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದೆ ಹೋದಾಗ ಹೊಟ್ಟೆ ತೊಳಸುತ್ತದೆ. ಘಟ್ಟದ ದಾರಿಯಲ್ಲಿ ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟು ಬೇಡವೆಂದು ನೀವು ಹೇಗೆ ನಡುವಿನ ಸೀಟು ಹಿಡಿಯುತ್ತೀರೋ, ಹಡಗಿನಲ್ಲಿಯೂ ಹಾಗೆಯೇ ಉದ್ದದಲ್ಲಿ ನಡುಮಧ್ಯದ, ಎತ್ತರದಲ್ಲಿ ಕೆಳ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಿರಿ. ಮೂತಿ, ಬಾಲ ಮತ್ತು ಮೇಲಿನ ಮಹಡಿಗಳು ಹೆಚ್ಚು ತೂಗುತ್ತವೆ. ಕಡಿಮೆ ಬೆಲೆಗೆ ‘ಕೋಣೆಯನ್ನು ನಾವೇ ಆರಿಸಿಕೊಡುತ್ತೇವೆ’ ಎಂಬ ಟಿಕೆಟ್ಟು ಸಿಗುತ್ತದೆ. ನಿಮ್ಮಂಥವರಿಗೆ ಅದು ಬೇಡ. ಈಗಿನ ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡು ಪಕ್ಕದಲ್ಲಿಯೂ ಮೀನಿನ ಈಜುರೆಕ್ಕೆಯಂತಹ ಸ್ಥಿರಕಗಳಿದ್ದು, ಅವು ಅಡ್ಡ ಹೊಯ್ದಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಆದರೂ ಕಸಿವಿಸಿಯಾದರೆ ಮಲಗಿಕೊಳ್ಳುವ ಬದಲು ಹೊರಗೆ ಬಂದು ದಿಗಂತವನ್ನು ನೋಡುತ್ತಾ ನಿಲ್ಲಿ. ಒಣ ಬಿಸ್ಕತ್ತು, ಶುಂಠಿ ಕೈಯಲ್ಲಿರಲಿ. ಮಾತ್ರೆಯನ್ನು ಸಂಕಟ ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ಯಾವುದೆಂಬುದನ್ನು ನಿಮ್ಮ ಸಕ್ಕರೆ ಕಾಯಿಲೆ ನೋಡುವ ವೈದ್ಯರನ್ನೇ ಕೇಳಿ, ಏಕೆಂದರೆ ಈ ಮಾತ್ರೆಗಳಲ್ಲಿ ಹಲವು ಮಂಪರು ತರಿಸುತ್ತವೆ.

ಔಷಧಿಗಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಹಡಗಿನವರೇ ತೆಗೆದುಕೊಂಡು, ನಂತರ ಕೋಣೆಗೆ ತಲುಪಿಸುತ್ತಾರೆ. ನಮ್ಮ ಪೆಟ್ಟಿಗೆ ಬಾಗಿಲಿಗೆ ಬಂದಾಗ ರಾತ್ರಿ ಒಂಬತ್ತು ದಾಟಿತ್ತು. ಯಜಮಾನರ ರಕ್ತದೊತ್ತಡದ ಮಾತ್ರೆ ಅದರೊಳಗಿತ್ತು. ಮಾತ್ರೆ, ವೈದ್ಯರ ಚೀಟಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಬೇಕು. ಹಡಗಿನಲ್ಲಿ ವೈದ್ಯರೂ ಚಿಕ್ಕ ಆಸ್ಪತ್ರೆಯೂ ಇರುತ್ತವೆ, ಆದರೆ ಶುಲ್ಕ ದುಬಾರಿ. ತುರ್ತಾಗಿ ದಡಕ್ಕೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ಪ್ರವಾಸ ವಿಮೆಯನ್ನು, ನಿಮ್ಮ ಸಕ್ಕರೆ ಕಾಯಿಲೆಯನ್ನು ಮುಚ್ಚಿಡದೆ ತಿಳಿಸಿ, ಮಾಡಿಸಿಕೊಳ್ಳಿ. ಹಡಗಿನಲ್ಲಿ ಹರಡುವ ನೊರೊವೈರಸ್ ಎಂಬ ವಾಂತಿಭೇದಿಯ ಸೋಂಕಿಗೆ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುವ ನಮ್ಮ ಹಳೆಯ ಅಭ್ಯಾಸವೇ ಅದಕ್ಕೆ ಸರಿ.

ಈಜು ಬಾರದಿದ್ದರೆ ಚಿಂತೆಯಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಡಗಿನ ಪ್ರಯಾಣಿಕರ ಸುರಕ್ಷತೆಗೆಂದು ಅಂತರರಾಷ್ಟ್ರೀಯ ಒಪ್ಪಂದವೊಂದು ಆಯಿತು. ಅದು ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ. ಅದರಂತೆ ಹಡಗು ಹತ್ತಿದ ದಿನವೇ, ಅಪಾಯದ ಗಂಟೆ ಬಾರಿಸಿದರೆ ಯಾವ ಜಾಗದಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಪ್ರತಿಯೊಬ್ಬರಿಗೂ ತೋರಿಸುತ್ತಾರೆ. ಅನೇಕರು ಅದನ್ನು ಕಾಟಾಚಾರವೆಂದು ತಿಳಿಯುತ್ತಾರೆ. ನೀವು ಮನಸ್ಸಿಟ್ಟು ನೋಡಿ, ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ಊಟದ ಮಾತಿಗೆ ಬರೋಣ. ದೊಡ್ಡ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ, ಆದರೆ ಕಾಯ್ದಿರಿಸುವಾಗಲೇ ತಿಳಿಸಬೇಕು. ಹತ್ತಿದ ದಿನ ರಾತ್ರಿ ಊಟದ ಕೋಣೆಯ ಮೇಲ್ವಿಚಾರಕರನ್ನು ಮಾತನಾಡಿಸಿ ‘ನಾಳೆ ನಮಗೆ ಹೀಗೆ ಬೇಕು’ ಎಂದು ಹೇಳಿ. ಅಡುಗೆಯವರಲ್ಲಿಯೂ ಬಡಿಸುವವರಲ್ಲಿಯೂ ನಮ್ಮ ದೇಶದವರು ಹಲವರಿರುತ್ತಾರೆ. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಗೋವಾದವನು. ಎರಡನೆಯ ದಿನ ಅವನು ‘ಅಮ್ಮ, ಇವತ್ತು ಬೇಳೆ ಚೆನ್ನಾಗಿದೆ’ ಎಂದು ತಾನಾಗಿಯೇ ತಂದಿಟ್ಟ. ತರಕಾರಿ ಸೂಪು ಎಂದು ಬರೆದಿದ್ದರೂ ಅದಕ್ಕೆ ಮಾಂಸ ಬೇಯಿಸಿದ ನೀರು ಹಾಕಿರಬಹುದು, ನಡುಗುವ ಸಿಹಿತಿನಿಸುಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು, ಕೇಳಿ ತಿನ್ನಿ. ಬೇರೆ ಅಡುಗೆಮನೆ, ಬೇರೆ ಪಾತ್ರೆ ಎಂಬ ಮಡಿಯನ್ನು ಮಾತ್ರ ನಿರೀಕ್ಷಿಸಬೇಡಿ. ಅದು ನಿಮಗೆ ಮುಖ್ಯವಾಗಿದ್ದರೆ ಈಗಲೇ ಯೋಚಿಸುವುದು ಒಳ್ಳೆಯದು. ಕೋಣೆಯೊಳಗೆ ಕೆಟಲ್, ಇಸ್ತ್ರಿ ಪೆಟ್ಟಿಗೆ, ಊದುಬತ್ತಿ, ದೀಪ ಯಾವುದಕ್ಕೂ ಅವಕಾಶವಿಲ್ಲ. ಹಡಗಿನಲ್ಲಿ ಬೆಂಕಿಯಷ್ಟು ಭಯದ ವಸ್ತು ಬೇರೆ ಇಲ್ಲ. ನಾನು ಮನೆಯ ಚಿಕ್ಕ ಸ್ಟೀಲ್ ಫಿಲ್ಟರನ್ನೂ ಕಾಫಿಪುಡಿಯನ್ನೂ ಒಯ್ದಿದ್ದೆ. ಬೆಳಗಿನ ಜಾವ ಮೇಲಿನ ಅಂತಸ್ತಿನ ಊಟದ ಸಾಲಿಗೆ ಹೋಗಿ ನಲ್ಲಿಯ ಬಿಸಿನೀರು ಹಿಡಿದು ಸುರಿಯುತ್ತಿದ್ದೆ. ನೀರು ಕುದಿಯುವಷ್ಟು ಬಿಸಿಯಿರದೆ ಡಿಕಾಕ್ಷನ್ ತೆಳ್ಳಗಿಳಿಯುತ್ತಿತ್ತು; ಆದರೂ ಎರಡು ಲೋಟ ಹಿಡಿದು ಕೋಣೆಯ ಬಾಲ್ಕನಿಗೆ ಬಂದರೆ ಕಪ್ಪಗಿದ್ದ ನೀರು ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ನಮ್ಮ ಕಡೆಯ ಯಾವ ಕೆರೆಯಲ್ಲೂ ನಾನು ಕಾಣದ ಗಾಢ ನೀಲಿಗೆ ತಿರುಗುವುದನ್ನು ಇಬ್ಬರೂ ಮಾತಿಲ್ಲದೆ ನೋಡುತ್ತಿದ್ದೆವು. ಬಾಲ್ಕನಿಯ ಕೋಣೆಗೆ ಹೆಚ್ಚು ಹಣ ಕೊಡಬೇಕು ನಿಜ. ಖರ್ಚಿನಲ್ಲಿ ಬೇರೆ ಏನನ್ನಾದರೂ ಕಡಿಮೆ ಮಾಡಿ, ಬಾಲ್ಕನಿಯನ್ನು ಮಾತ್ರ ಬಿಡಬೇಡಿ ಎಂದು ನನ್ನ ಸಲಹೆ.

ದ್ವೀಪಗಳಲ್ಲಿ ಜಮೈಕಾ ನಮ್ಮವರಿಗೆ ವಿಶೇಷವಾಗಿ ಹತ್ತಿರವೆನಿಸುತ್ತದೆ. ಕಬ್ಬಿನ ತೋಟದ ಕೂಲಿಗೆಂದು ಕರಾರಿನ ಮೇಲೆ ಭಾರತೀಯರನ್ನು ಹೊತ್ತ ಮೊದಲ ಹಡಗು ಅಲ್ಲಿ ತಲುಪಿದ್ದು 1845ರಲ್ಲಿ. ಆ ಪದ್ಧತಿ 1917ರವರೆಗೂ ನಡೆಯಿತು. ಅಲ್ಲಿನವರು ಕಲಲೂ ಎಂದು ಬೇಯಿಸುವ ಸೊಪ್ಪು ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಕೆಂಡದಲ್ಲಿ ಸುಡುವ ಬ್ರೆಡ್‌ಫ್ರೂಟ್ ನಮ್ಮ ಕರಾವಳಿಯ ಜೀಗುಜ್ಜೆ. ಅದನ್ನು 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ತಂದು ನೆಟ್ಟಿದ್ದು, ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಊಟವಾಗಲೆಂದು. ಸಮುದ್ರಕ್ಕೇ ಇಳಿಯುವ ಡನ್ಸ್ ರಿವರ್ ಜಲಪಾತವನ್ನು ಜನ ಕೈ ಕೈ ಹಿಡಿದು ಸಾಲಾಗಿ ಹತ್ತುತ್ತಾರೆ. ಮಂಡಿ ನೋವಿದ್ದರೆ ಪಕ್ಕದ ಮೆಟ್ಟಿಲುಗಳಲ್ಲಿ ನಡೆದು ನೋಡಬಹುದು. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಚಿಕ್ಕ ದೋಣಿಗೆ ಇಳಿದು ಹೋಗಬೇಕು. ಅಲೆ ಹೆಚ್ಚಿದ್ದರೆ ಆ ನಿಲುಗಡೆಯೇ ರದ್ದಾಗುವುದುಂಟು. ಎಲ್ಲಿ ಇಳಿದರೂ ಒಂದನ್ನು ಮರೆಯಬೇಡಿ: ಹಡಗಿನ ಸಂಸ್ಥೆಯೇ ನಡೆಸುವ ಸುತ್ತಾಟಕ್ಕೆ ಹೋದವರು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಟ್ಯಾಕ್ಸಿ ಹಿಡಿದು ಹೋದವರಿಗೆ ಕಾಯುವುದಿಲ್ಲ. ಮೊದಲ ಪ್ರವಾಸದಲ್ಲಿ ಹಡಗಿನವರ ಸುತ್ತಾಟವೇ ಸಾಕು. ಒಂದು ದ್ವೀಪದಲ್ಲಂತೂ ಏನನ್ನೂ ಕಾಯ್ದಿರಿಸದೆ, ಬಂದರಿನ ಹತ್ತಿರವೇ ನಿಧಾನವಾಗಿ ಅಡ್ಡಾಡಿ.

ನಿಮ್ಮ ಯಜಮಾನರಿಗೆ ಲೆಕ್ಕವನ್ನೇ ಒಪ್ಪಿಸಿ, ಬ್ಯಾಂಕಿನವರಿಗೆ ಅದು ಹಿಡಿಸುತ್ತದೆ. ಟಿಕೆಟ್ಟಿನಲ್ಲಿ ಕೋಣೆ, ಮುಖ್ಯ ಊಟದ ಕೋಣೆಯ ಮೂರು ಹೊತ್ತಿನ ಆಹಾರ, ಕುಡಿಯುವ ನೀರು, ಸಾಮಾನ್ಯ ಕಾಫಿ ಟೀ, ಸಂಜೆಯ ಮನರಂಜನೆ ಸೇರಿರುತ್ತವೆ. ಸೇರದಿರುವುದು ಸೇವಕರ ಭಕ್ಷೀಸು: ಬಹುಪಾಲು ಸಂಸ್ಥೆಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಅಂದರೆ ಇಬ್ಬರಿಗೆ ಏಳು ರಾತ್ರಿಗೆ 224ರಿಂದ 280 ಡಾಲರ್, ತಾನಾಗಿಯೇ ಲೆಕ್ಕಕ್ಕೆ ಬೀಳುತ್ತದೆ. ದ್ವೀಪದ ಸುತ್ತಾಟ, ಇಂಟರ್‌ನೆಟ್, ವಿಮೆ ಬೇರೆ. ಮದ್ಯ ಮುಟ್ಟದ ನೀವು ಪಾನೀಯದ ಪ್ಯಾಕೇಜ್ ಕೊಳ್ಳುವುದು ದಂಡ. ಹಡಗು ಬಂದರು ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಕಡಲಿನ ನೆಟ್‌ವರ್ಕ್‌ಗೆ ತಗುಲಿಕೊಂಡು ಬಿಲ್ಲು ಬೆಳೆಯುತ್ತದೆ. ಅಟ್ಲಾಂಟಾದಿಂದ ಮಯಾಮಿಗೆ ಹಿಂದಿನ ದಿನವೇ ಹೋಗಿ ತಂಗಿ. ವಿಮಾನ ತಡವಾಯಿತೆಂದು ಹಡಗು ನಿಲ್ಲುವುದಿಲ್ಲ.

ಇನ್ನೂ ಒಂದು ಮಾತು. ಮಗಳು ಅಳಿಯ ‘ನಾವೂ ಬರುತ್ತೇವೆ’ ಎಂದರೆ ಪ್ರೀತಿಯಿಂದಲೇ ಬೇಡವೆನ್ನಿ. ಅವರ ಮನೆಗೆ ಹೋದಾಗ ಅಡುಗೆಮನೆ ನಿಮ್ಮ ಕೈಗೆ ಬಂದೇ ಬರುತ್ತದೆಂದು ನನಗೆ ಗೊತ್ತು. ಆ ಏಳು ದಿನ ಬೇರೆಯವರು ಬಡಿಸಿದ ತಿಂಡಿಯನ್ನು ಯಜಮಾನರ ಎದುರಿಗೆ ಕುಳಿತು, ಬಿಸಿಯಿರುವಾಗಲೇ ತಿನ್ನುವುದು ನಿಮಗೆ ಸಲ್ಲಬೇಕಾದದ್ದು.

ಪ್ರಶ್ನೆ: ನಮ್ಮದು ಹೊಸ ಮದುವೆ, ಇಬ್ಬರೂ ಕೆಲಸದಲ್ಲಿದ್ದೇವೆ. ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಕ್ರೂಸ್ ಬಹಳ ಅಗ್ಗವಾಗಿ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಅಗ್ಗವಾಗಿರುವುದಕ್ಕೆ ಕಾರಣವಿದೆ. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲ, ಸೆಪ್ಟೆಂಬರ್ 10ರ ಆಸುಪಾಸು ಅದರ ತುತ್ತತುದಿ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ, ರಾಹುಲ್ ದ್ರಾವಿಡ್ ಅವರೂ ಸೇರಿ, ಬೆರಿಲ್ ಚಂಡಮಾರುತದ ದೆಸೆಯಿಂದ ದಿನಗಟ್ಟಲೆ ಹೋಟೆಲಿನಲ್ಲಿಯೇ ಉಳಿಯಬೇಕಾಯಿತಲ್ಲವೇ? ಅದು ಚಂಡಮಾರುತಗಳ ಕಾಲ ಆಗಷ್ಟೇ ಶುರುವಾಗಿದ್ದಾಗಿನ ಮಾತು. ಹಡಗು ಬಿರುಗಾಳಿಯನ್ನು ತಪ್ಪಿಸಿಕೊಂಡು ಬೇರೆ ದಾರಿ ಹಿಡಿಯಬಲ್ಲದು, ಆದ್ದರಿಂದ ಜೀವಭಯಕ್ಕಿಂತ ನಿರಾಸೆಯ ಸಂಭವ ಹೆಚ್ಚು: ನೀವು ಬಯಸಿದ ದ್ವೀಪದ ಬದಲು ಬೇರೊಂದು ಸಿಗಬಹುದು, ಮರಳುವುದು ತಡವಾಗಬಹುದು, ಅದಕ್ಕೆ ಪರಿಹಾರ ಕೇಳಲು ಕರಾರಿನಲ್ಲಿ ಹೆಚ್ಚಿನ ಅವಕಾಶವಿರುವುದಿಲ್ಲ. ಮಂಡ್ಯದಿಂದ ಅಷ್ಟು ದೂರ, ಅಷ್ಟು ವಿಮಾನದ ಖರ್ಚು ಹಾಕಿ, ಎಣಿಸಿದ ರಜೆಯಲ್ಲಿ ಹೋಗುವವರು ಜನವರಿಯಿಂದ ಏಪ್ರಿಲ್ ನಡುವಿನ ಒಣ ತಿಂಗಳುಗಳನ್ನು ಆರಿಸಿಕೊಳ್ಳುವುದು ಲೇಸು. ಸೆಪ್ಟೆಂಬರ್ ಬಿಟ್ಟರೆ ರಜೆಯೇ ಇಲ್ಲವೆಂದಾದರೆ, ಚಂಡಮಾರುತಗಳ ಹಾದಿಯಿಂದ ಸಾಮಾನ್ಯವಾಗಿ ದಕ್ಷಿಣಕ್ಕಿರುವ ಅರೂಬಾ, ಕ್ಯುರಾಸಾವ್ ದ್ವೀಪಗಳ ಪ್ರವಾಸವನ್ನು ನೋಡಿ, ಕೊನೆಯಲ್ಲಿ ಎರಡು ದಿನ ರಜೆಯನ್ನು ಕೈಯಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ: ಹಡಗಿನಲ್ಲಿ ಒಂದೆರಡು ರಾತ್ರಿ ಊಟಕ್ಕೆ ಔಪಚಾರಿಕ ಉಡುಪು ಧರಿಸಬೇಕಂತೆ. ಅದಕ್ಕೆಂದು ಗೌನು, ಕೋಟು ಹೊಲಿಸಬೇಕೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಬೇಕಾಗಿಲ್ಲ. ಸೀರೆಯೂ ಪಂಚೆ-ಜುಬ್ಬಾವೂ ಆ ಸಂಜೆಗೆ ಧಾರಾಳವಾಗಿ ಸಲ್ಲುತ್ತವೆ. ಯಜಮಾನರಿಗೆ ಅಥವಾ ಮಕ್ಕಳಿಗೆ ಸೈನಿಕರ ಹಸಿರು ಮಚ್ಚೆಯ ವಿನ್ಯಾಸದ ಅಂಗಿಯನ್ನು ಮಾತ್ರ ಒಯ್ಯಬೇಡಿ. ಜಮೈಕಾ, ಬಾರ್ಬಡೋಸ್ ಮೊದಲಾದ ಕಡೆ ಸಾರ್ವಜನಿಕರು ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ಸೀರೆಯಲ್ಲಿ ನಮ್ಮ ಮೈಸೂರು ಕ್ರೇಪ್ ರೇಷ್ಮೆಯೇ ಒಳ್ಳೆಯದು. ಪೆಟ್ಟಿಗೆಯಲ್ಲಿ ಜಾಗ ಹಿಡಿಯುವುದಿಲ್ಲ, ಮತ್ತು ಇಸ್ತ್ರಿ ಪೆಟ್ಟಿಗೆಯಿಲ್ಲದ ಆ ಕೋಣೆಯಲ್ಲಿ ಮಧ್ಯಾಹ್ನ ಬಿಡಿಸಿ ತೂಗುಹಾಕಿದರೆ ಸಂಜೆಯ ಹೊತ್ತಿಗೆ ಮಡಿಕೆಗಳೆಲ್ಲ ಬಿಟ್ಟುಕೊಂಡಿರುತ್ತವೆ.