ಫೋಟೊದ ಬೆನ್ನನ್ನೂ ಸ್ಕ್ಯಾನ್ ಮಾಡಿಸಿ

ಭದ್ರಾವತಿಯ ಪ್ರೌಢಶಾಲಾ ಮೇಷ್ಟ್ರೊಬ್ಬರ ಪತ್ರ: ‘ಒಂಬತ್ತನೇ ತರಗತಿಯ ಮಕ್ಕಳು ಊರಿನ ಇತಿಹಾಸದ ಆನ್‌ಲೈನ್ ಮ್ಯೂಸಿಯಂ ಮಾಡಲು ಹೊರಟಿದ್ದಾರೆ. ವಾಟ್ಸ್‌ಆ್ಯಪ್ ಗುಂಪಿಗೆ ನೂರಾರು ಹಳೆಯ ಫೋಟೊ ಬಂದಿವೆ. ವೆಬ್‌ಸೈಟ್ ಚೆಂದ ಕಾಣಲು ಏನು ಮಾಡಬೇಕು?’

ಮೇಷ್ಟ್ರೇ, ಅಂಗಡಿಯಿಂದ ಚಿತ್ರಪಟ ತಂದು ಕತ್ತರಿಸಿ ಅಂಟಿಸಿದ್ದಕ್ಕೆಲ್ಲ ‘ಪ್ರಾಜೆಕ್ಟ್’ ಎಂದು ಅಂಕ ಸಿಗುವ ಕಾಲವಿದು. ಅಂಥದ್ದರಲ್ಲಿ ನಿಮ್ಮ ಮಕ್ಕಳು ಮನೆಮನೆಯ ಬಾಗಿಲು ತಟ್ಟುತ್ತಿದ್ದಾರೆ, ಶಹಬ್ಬಾಸ್. ವೆಬ್‌ಸೈಟ್ ಚೆಂದ ಇರಬೇಕು, ಒಪ್ಪಿದೆ. ಅದಕ್ಕೆಂದೇ ಒಮೆಕಾ ಎಂಬ ಉಚಿತ ತಂತ್ರಾಂಶವಿದೆ. ನನ್ನ ಚಿಂತೆ ಆ ನೂರಾರು ಫೋಟೊಗಳದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಫೈಲಿನೊಳಗೆ ದಾಖಲಾದ ದಿನಾಂಕವೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದೇ ಕಳಿಸಲು ಹೇಳಿ.

ಒಂದು ಬೀಳ್ಕೊಡುಗೆಯ ಗುಂಪು ಫೋಟೊ ತೆಗೆದುಕೊಳ್ಳಿ. ಮುಂದೆ ಕುರ್ಚಿಯ ಸಾಲು, ಹಾರಗಳು. ಬೆನ್ನಿನಲ್ಲಿ ಸ್ಟುಡಿಯೊದ ಮೊಹರು, ಯಾರೋ ಬರೆದಿಟ್ಟ ಹೆಸರುಗಳು, ಇಸವಿ. ಇತಿಹಾಸ ಇರುವುದು ಆ ಬೆನ್ನಿನಲ್ಲಿ. ಎರಡೂ ಬದಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಮೂಲಪ್ರತಿ ವಿವರ ಕಳೆದುಕೊಳ್ಳದ ಟಿಫ್ ಫೈಲಿನಲ್ಲಿರಲಿ, ವೆಬ್‌ಗೆ ಜೆಪೆಗ್ ಸಾಕು. ಎರಡೂ ಬದಿಗೆ ಒಂದೇ ಸಂಖ್ಯೆ: ಮುಂಬದಿ 0001ಅ, ಬೆನ್ನು 0001ಆ. ಅದೇ ಸಂಖ್ಯೆಯಡಿ ನೋಟ್‌ಬುಕ್ಕಿನಲ್ಲಿ ಎಡದಿಂದ ಬಲಕ್ಕೆ ಹೆಸರು, ಜಾಗ, ಕೊಟ್ಟವರು ಯಾರು, ಪ್ರಕಟಿಸಲು ಅವರ ಸಹಿ. ಬೆನ್ನಿನ ಮೇಲೆ ಬಾಲ್‌ಪೆನ್ನಿನಿಂದ ಬರೆಯಕೂಡದು. ಒತ್ತಿದ ಗೆರೆ ಮುಂದಿನ ಮುಖಗಳ ಮೇಲೆ ಮೂಡುತ್ತದೆ. ಅಂಟುಪುಟದ ಆಲ್ಬಮ್ಮಿನಿಂದ ಫೋಟೊ ಕೀಳಲು ಹೋದರೆ ಬೆನ್ನೇ ಹರಿದುಬರುತ್ತದೆ. ಅಂಥದ್ದನ್ನು ಮೇಲಿನ ಪ್ಲಾಸ್ಟಿಕ್ ಸರಿಸಿ, ಫ್ಲ್ಯಾಶ್ ಇಲ್ಲದೆ, ಬಿಸಿಲು ನೇರ ಬೀಳದ ಕಿಟಕಿ ಬೆಳಕಿನಲ್ಲಿ, ಆಲ್ಬಮ್ಮಿನಲ್ಲಿ ಇದ್ದಂತೆಯೇ ಕ್ಯಾಮೆರಾದಲ್ಲಿ ಸೆರೆಹಿಡಿಯಲಿ.

ಇಷ್ಟೇಕೆ ಒತ್ತಿ ಹೇಳುತ್ತೇನೆಂದರೆ, ಭದ್ರಾವತಿ ಎಂದರೆ 1923, ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯ ಎಂದು ಮುಗಿಸಿಬಿಡುವುದು ನಮಗೆ ರೂಢಿಯಾಗಿದೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆದವರು, ಇದ್ದಿಲಿನ ಕುಲುಮೆಗೆ ಕಾಡಿನಿಂದ ಸೌದೆ ಹೊತ್ತವರು ಯಾರು? ಅವರ ಸಂಬಳದ ಚೀಟಿ, ಕ್ಯಾಂಟೀನ್ ಟೋಕನ್ ಕ್ವಾರ್ಟರ್ಸ್ ಖಾಲಿ ಮಾಡುವ ದಿನ ರದ್ದಿಗೆ ಹೋಗುತ್ತವೆ. ರಾಜರ ಶಾಸನಕ್ಕೆ ಇಲಾಖೆಯುಂಟು, ಕಾರ್ಮಿಕನ ಚೀಟಿಗೆ ದಿಕ್ಕಿಲ್ಲ. ಊರೂರಿನ ಗ್ರಂಥಾಲಯದಲ್ಲಿ ಒಂದು ಕಪಾಟಾದರೂ ಇದಕ್ಕೆ ಮೀಸಲಿಡಬಾರದೇ? ಜಯಂತಿಯ ಫ್ಲೆಕ್ಸಿಗೆ ಸಿಗುವ ದುಡ್ಡು ಸ್ಕ್ಯಾನರಿಗೆ ಸಿಗುವುದಿಲ್ಲ.

ವಿವರಗಳನ್ನೆಲ್ಲ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ನಲ್ಲೇ ಟೈಪಿಸಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು ಗೂಗಲ್‌ನಲ್ಲಿ ಹುಡುಕಿದರೆ ಸಿಗದು. ಬೆಂಕಿಪುರ ಎಂಬ ಊರಿನ ಹಳೆಯ ಹೆಸರನ್ನೂ ಜೊತೆಗೆ ಸೇರಿಸಿ. ಹಿರಿಯರ ಮಾತಿನ ಧ್ವನಿಮುದ್ರಣ ಮಾಡುವಾಗ ಫ್ಯಾನ್ ಆರಿಸಿ, ಶುರುವಿನಲ್ಲೇ ಹೆಸರು, ದಿನಾಂಕ ಹೇಳಿಸಿ. ಎಲ್ಲಕ್ಕೂ ಮೂರು ಪ್ರತಿ, ಒಂದು ಶಾಲೆಯ ಹೊರಗೆ. ಎಂಬತ್ತು ದಾಟಿದ ನಿವೃತ್ತರ ಮನೆಗೆ ಈ ತಿಂಗಳೇ ಮಕ್ಕಳನ್ನು ಕರೆದೊಯ್ಯಿರಿ. ವೆಬ್‌ಸೈಟ್ ಬೇಸಿಗೆ ರಜೆಯಲ್ಲಾದರೂ ಆದೀತು.