ಟೈರನ್ನು ಯಾರು ಮಾಡಿದರು?

ಪತ್ರ: “ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳು ಮಾಡಿದ ಪವಾಡಕ್ಕೆ ಉದ್ಯಮಿಗಳೇ ಕಾರಣ. ಸರ್ಕಾರದ ಯೋಜನಾ ಮಂಡಳಿಗಳು ಕಡತ ತಿರುವುತ್ತ ಕೂತಿದ್ದವು. ಅವರಲ್ಲಿ ಒಬ್ಬ ಅಧಿಕಾರಿಯಾದರೂ ಒಂದು ಟೈರು ತಯಾರಿಸಿದ್ದುಂಟೇ?” — ಒಬ್ಬ ಓದುಗರು

ಉತ್ತರ: ಹೀಗೆ ಕಾಳಜಿಯಿಂದ ಜಗಳಕ್ಕೆ ಬರುವ ಓದುಗರಿದ್ದರೆ ಪತ್ರಿಕೆ ನಡೆಸುವವನಿಗೆ ಹುರುಪು. ಉದ್ಯಮಿಗಳ ಸಾಮರ್ಥ್ಯದ ಬಗ್ಗೆ ನನಗೆ ತಕರಾರಿಲ್ಲ. ಫೋರ್ಡ್ ಕಂಪನಿ ಮಿಷಿಗನ್ ರಾಜ್ಯದ ವಿಲೋ ರನ್ ಕಾರ್ಖಾನೆಯಲ್ಲಿ 1944ರ ಹೊತ್ತಿಗೆ ಸುಮಾರು ಗಂಟೆಗೊಂದರಂತೆ ಬಾಂಬರ್ ವಿಮಾನ ಹೊರತಂದದ್ದು ನಿಜ. ಆದರೆ ಆ ಕಾರ್ಖಾನೆ ಎದ್ದದ್ದು ಯಾರ ದುಡ್ಡಿನಲ್ಲಿ? ಸರ್ಕಾರದ ದುಡ್ಡಿನಲ್ಲಿ. ಇದನ್ನು ನೀವು ಬರೆಯಲಿಲ್ಲ.

ಟೈರಿನ ಮಾತನ್ನು ನೀವೇ ಎತ್ತಿದಿರಿ, ಒಳ್ಳೆಯದಾಯಿತು. 1942ರ ಆರಂಭದಲ್ಲಿ ಜಪಾನ್ ಮಲಯಾ ಮತ್ತು ಡಚ್ ಈಸ್ಟ್ ಇಂಡೀಸನ್ನು ಹಿಡಿದಾಗ ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನಲ್ಲಿ ನೂರಕ್ಕೆ ಸುಮಾರು 90 ಭಾಗ ನಿಂತುಹೋಯಿತು. ಪಡಿತರಕ್ಕೆ ಒಳಪಟ್ಟ ಮೊದಲ ವಸ್ತುವೇ ಟೈರು. ಆ ಡಿಸೆಂಬರಿನಲ್ಲಿ ದೇಶದಾದ್ಯಂತ ಪೆಟ್ರೋಲಿಗೂ ಪಡಿತರ ಬಂತು. ಅದರ ಮುಖ್ಯ ಉದ್ದೇಶ ಪೆಟ್ರೋಲ್ ಉಳಿಸುವುದಲ್ಲ, ಗಾಡಿ ಓಡದಂತೆ ಮಾಡಿ ಟೈರು ಉಳಿಸುವುದು. ವೇಗದ ಮಿತಿಯನ್ನೂ ಗಂಟೆಗೆ 35 ಮೈಲಿಗೆ ಇಳಿಸಿದರು.

ಕೃತಕ ರಬ್ಬರು 1941ರಲ್ಲಿ 10 ಸಾವಿರ ಟನ್ ಕೂಡ ತಯಾರಾಗುತ್ತಿರಲಿಲ್ಲ. ಯುದ್ಧ ಮುಗಿದರೆ ಸಹಜ ರಬ್ಬರು ಮತ್ತೆ ಅಗ್ಗಕ್ಕೆ ಬರುತ್ತದೆಂದು ಗೊತ್ತಿರುವಾಗ ಇದಕ್ಕೆ ದೊಡ್ಡ ಬಂಡವಾಳ ಹೂಡಲು ಯಾವ ಕಂಪನಿ ಮುಂದೆ ಬಂದೀತು? ಸರ್ಕಾರವೇ ಕಾರ್ಖಾನೆ ಕಟ್ಟಿತು. ಒಬ್ಬರಿಗೊಬ್ಬರು ಗುಟ್ಟು ಬಿಟ್ಟುಕೊಡದ ಕಂಪನಿಗಳನ್ನು ಕೂರಿಸಿ ಪೇಟೆಂಟುಗಳನ್ನು ಹಂಚಿಕೊಳ್ಳಲು ಒಪ್ಪಿಸಿತು. ಬ್ಯುಟಡೈಯೀನ್ ಮತ್ತು ಸ್ಟೈರೀನ್ ಎಂಬ ರಾಸಾಯನಿಕಗಳನ್ನು ಬೆರೆಸುವ ಒಂದೇ ಸೂತ್ರವನ್ನು ಎಲ್ಲರೂ ಪಾಲಿಸಬೇಕಾಯಿತು. 1945ರಲ್ಲಿ ಉತ್ಪಾದನೆ 7 ಲಕ್ಷ ಟನ್ ದಾಟಿತ್ತು. ಯಂತ್ರದ ಮುಂದೆ ನಿಂತವರು ಕಂಪನಿಗಳ ಜನ, ಒಪ್ಪೋಣ. ಆದರೆ ಆ ಯಂತ್ರ ಅಲ್ಲಿಗೆ ಬಂದದ್ದು ನೀವು ಹೀಗಳೆಯುವ ಕಡತಗಳಿಂದ.

ಯೋಜನೆ ಎಡವಲಿಲ್ಲವೇ? ಎಡವಿತು. 1942ರಲ್ಲಿ ಕಚ್ಚಾವಸ್ತು ಕೇಳಿದ ಎಲ್ಲರಿಗೂ ಮೊದಲ ಆದ್ಯತೆಯ ಚೀಟಿ ಕೊಡುತ್ತ ಹೋದರು. ಚೀಟಿ ಎಲ್ಲರ ಕೈಯಲ್ಲಿತ್ತು, ಉಕ್ಕು ಮಾತ್ರ ಇರಲಿಲ್ಲ. ಅದನ್ನು ಸರಿಪಡಿಸಿದ್ದೂ ಯೋಜನೆಯೇ. ಉಕ್ಕು, ತಾಮ್ರ, ಅಲ್ಯೂಮಿನಿಯಂ ಈ ಮೂರನ್ನೇ ಮೂರು ತಿಂಗಳಿಗೊಮ್ಮೆ ಅಳೆದು, ಸೇನೆಗೆ ಇಷ್ಟು, ನೌಕಾಪಡೆಗೆ ಇಷ್ಟು ಎಂದು ಹಂಚಿದರು. ಇಲ್ಲದ ಲೋಹದ ಭರವಸೆ ಕೊಡುವುದು ನಿಂತಿತು.

ನನ್ನ ಮನಸ್ಸಿಗೆ ಹತ್ತಿರವಾದವರು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಮತ್ತು ಅವರ ಶಿಷ್ಯ ರಾಬರ್ಟ್ ನೇಥನ್. ಸರ್ಕಾರದ ಯುದ್ಧ ಉತ್ಪಾದನಾ ಮಂಡಳಿಯಲ್ಲಿ ಕೂತು ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿ, ಸೇನೆ ಕೇಳಿದಷ್ಟನ್ನು ಹೇಳಿದ ಅವಧಿಯಲ್ಲಿ ಈ ದೇಶ ತಯಾರಿಸಲಾರದು ಎಂದು 1942ರಲ್ಲಿ ಬರೆದುಕೊಟ್ಟರು. ಸೇನೆಯ ಸರಬರಾಜಿನ ಮುಖ್ಯಸ್ಥ ಜನರಲ್ ಬ್ರೆಹನ್ ಸೊಮರ್ವೆಲ್ ಕೆಂಡಾಮಂಡಲವಾಗಿ, ಈ ವರದಿ ವಿವೇಕಿಗಳ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕು ಎಂದು ಉತ್ತರಿಸಿದರು. ಕೊನೆಗೆ ಸೇನೆಯೇ ತನ್ನ ಬೇಡಿಕೆಯನ್ನು ಇಳಿಸಿತು. ಯುದ್ಧದ ನಡುವೆ ಜನರಲ್‌ಗಳಿಗೆ “ಆಗುವುದಿಲ್ಲ” ಎನ್ನಲು ಎಷ್ಟು ಎದೆಗಾರಿಕೆ ಬೇಕು, ಯೋಚಿಸಿ.

ನನ್ನ ಸಂಕಟ ನಿಮ್ಮ ಪತ್ರಕ್ಕಷ್ಟೇ ಸಂಬಂಧಿಸಿದ್ದಲ್ಲ. ಸೇನಾಪತಿಗಳ ಪ್ರತಿಮೆ ನಿಲ್ಲಿಸುತ್ತೇವೆ, ಕಾರ್ಖಾನೆ ಮಾಲೀಕರ ಜೀವನಚರಿತ್ರೆ ಓದುತ್ತೇವೆ. ಲೆಕ್ಕ ನೋಡಿ ತಪ್ಪು ತಡೆದವರ ಹೆಸರು ಓದಿದವರಿಗೂ ಗೊತ್ತಿರುವುದಿಲ್ಲ. ಸಾರ್ವಜನಿಕ ಹಣದಿಂದ ಹುಟ್ಟಿದ್ದು ಕೈ ಬದಲಾಯಿಸಿದ ಕೂಡಲೇ ಅದರ ಹುಟ್ಟನ್ನೂ ಮರೆಯುತ್ತೇವೆ. ಯುದ್ಧಕ್ಕೆ ಮುನ್ನ ಅಮೆರಿಕದಲ್ಲಿ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುತ್ತಿದ್ದದ್ದು ಅಲ್ಕೋವಾ ಕಂಪನಿ ಒಂದೇ. ಸರ್ಕಾರ ಕಟ್ಟಿದ ಸ್ಥಾವರಗಳು ಯುದ್ಧಾನಂತರ ರೆನಾಲ್ಡ್ಸ್ ಮತ್ತು ಕೈಸರ್ ಕಂಪನಿಗಳ ಪಾಲಾಗಿ, ಆ ಏಕಸ್ವಾಮ್ಯ ಮುರಿಯಿತು. ಜರ್ಮನ್ ಜಲಾಂತರ್ಗಾಮಿಗಳು ತೈಲ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಟೆಕ್ಸಾಸಿನಿಂದ ಪೂರ್ವ ಕರಾವಳಿಗೆ ಸರ್ಕಾರದ ದುಡ್ಡಿನಲ್ಲಿ ಎಳೆದ 24 ಇಂಚಿನ ತೈಲ ಕೊಳವೆಮಾರ್ಗ 1947ರಲ್ಲಿ ಖಾಸಗಿ ಕಂಪನಿಗೆ ಮಾರಾಟವಾಗಿ, ನೈಸರ್ಗಿಕ ಅನಿಲ ಸಾಗಿಸತೊಡಗಿತು.

ರಬ್ಬರ್ ಕಾರ್ಖಾನೆಗಳನ್ನು ಕಂಪನಿಗಳು ಕೊಂಡದ್ದು 1955ರಲ್ಲಿ. ಅಷ್ಟರಲ್ಲಿ ಆ ರಬ್ಬರಿಗೆ ಮಾರುಕಟ್ಟೆಯಿದೆ ಎಂಬುದು ಸಾಬೀತಾಗಿತ್ತು. 1942ರಲ್ಲಿ, ಏನೂ ಸಾಬೀತಾಗಿಲ್ಲದಾಗ, ನಷ್ಟದ ಭಯ ಹೊತ್ತವರು ಯಾರೆಂದು ಹೇಳಿ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಪ್ರಕಟಿಸುತ್ತೇನೆ.