ಶೇ 1 ಆಸ್ತಿಯ ಲೆಕ್ಕ ಹಾಕಿದವರು ಯಾರು?

ಪ್ರಶ್ನೆ: ಮೇಡಂ, ‘ಜಗತ್ತಿನ ಆಸ್ತಿಯಲ್ಲಿ ಹೆಂಗಸರ ಪಾಲು ಬರೀ ಶೇ 1, ಇದು ವಿಶ್ವಸಂಸ್ಥೆಯ ಲೆಕ್ಕ’ ಎಂದು ಪೋಸ್ಟ್ ಹಾಕಿದ್ದೆ. ಒಬ್ಬ ಆಧಾರ ಕೇಳಿದ. ಸದಾ ಹೆಣ್ಣುಮಕ್ಕಳನ್ನು ಹೀಗಳೆಯುವವನು ಅವನು. ಅಂಥವನಿಗೂ ಉತ್ತರ ಕೊಡಬೇಕೆ?

ಉತ್ತರ: ಅವನಿಗೆ ಕೊಡುವುದು ಬಿಡುವುದು ನಿಮ್ಮಿಷ್ಟ. ನಿಮ್ಮನ್ನು ನಂಬಿ ಆ ಪೋಸ್ಟನ್ನು ಮುಂದೆ ಕಳಿಸಿದ ಹೆಣ್ಣುಮಕ್ಕಳಿಗೆ ಮಾತ್ರ ಕೊಡಲೇಬೇಕು. ಕೊಡಲು ನಿಮ್ಮ ಹತ್ತಿರ ಏನೂ ಇಲ್ಲ, ಯಾಕೆಂದರೆ ಆ ಲೆಕ್ಕವನ್ನು ಯಾರೂ ಹಾಕಿಯೇ ಇಲ್ಲ. ಈ ಒಂದು ಸಂಖ್ಯೆಯ ಬಗ್ಗೆ ಬರೆದೂ ಬರೆದೂ ನನಗೆ ಸಾಕಾಗಿದೆ.

1978ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಂದು ಪುಟ್ಟ ಪತ್ರಿಕೆಯಲ್ಲಿ ಅದರ ಸಂಪಾದಕಿ ಕೃಷ್ಣಾ ಅಹೂಜಾ-ಪಟೇಲ್ ಬರೆದ ಮಾತಿದು. ಹೆಂಗಸರ ಸಂಪಾದನೆ ಅಷ್ಟು ಕಡಿಮೆ ಇರುವಾಗ ಆಸ್ತಿ ಮಾಡುವಷ್ಟು ಉಳಿತಾಯ ಎಲ್ಲಿಂದ ಬರಬೇಕು ಎಂಬ ಅಂದಾಜಿನ ಮೇಲೆ ನಿಂತದ್ದು. ಯಾವ ದೇಶದಲ್ಲೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಅಂದಿನ ಊಹೆ ಪೋಸ್ಟರುಗಳಲ್ಲಿ, ಭಾಷಣಗಳಲ್ಲಿ ಓಡಾಡಿ ಇವತ್ತು ನಿಮ್ಮ ಗೋಡೆಗೆ ಬಂದು ಕೂತಿದೆ.

ಇದನ್ನು ನಾನೂ ಒಮ್ಮೆ ವೇದಿಕೆಯಲ್ಲಿ ಹೇಳಿದ್ದೆ. ಸಭೆಯಲ್ಲಿದ್ದ ಒಬ್ಬರು ಎದ್ದು ಆಧಾರ ಕೇಳಿದರು, ನಾನು ತಡವರಿಸಿದೆ. ನನ್ನ ನಂತರ ಮಾತಾಡಬೇಕಿದ್ದ ಹೆಣ್ಣುಮಗಳು ತವರಿನ ಪಾಲಿಗಾಗಿ ಅಣ್ಣತಮ್ಮಂದಿರ ಮೇಲೆ ದಾವೆ ಹೂಡಿದ್ದವಳು. ಕಾಗದಪತ್ರವೆಲ್ಲ ಅವಳ ಕೈಯಲ್ಲೇ ಇತ್ತು. ಆದರೂ ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ನಗು ಶುರುವಾಗಿತ್ತು. ತಪ್ಪು ನನ್ನದು, ದಂಡ ಕಟ್ಟಿದ್ದು ಅವಳು. ಅಂದಿನಿಂದ ಮೂಲ ನೋಡದೆ ಒಂದು ಅಂಕಿಯನ್ನೂ ನಾನು ಬರೆದಿಲ್ಲ.

ನಿಜವಾದ ಅಂಕಿ ಬೇಕೆ? 2015-16ರ ಕೃಷಿ ಗಣತಿ ನೋಡಿ. ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಸುಮಾರು ಶೇ 14. ಇನ್ನೊಂದೆಡೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಮನೆ ಅಥವಾ ಜಮೀನು ತಮಗಿದೆ ಎಂದ ಹೆಂಗಸರು ಶೇ 43.3. ಎರಡೂ ಸರ್ಕಾರದ್ದೇ, ಎರಡೂ ಸರಿಯೇ. ಮೊದಲನೆಯದು ಕೇಳಿದ್ದು ಹೊಲದ ಬೇಸಾಯ ಯಾರ ಕೈಯಲ್ಲಿದೆ ಎಂದು. ಎರಡನೆಯದರಲ್ಲಿ ಮನೆಯೂ ಸೇರಿದೆ, ಗಂಡನ ಜೊತೆಗಿನ ಜಂಟಿ ಹೆಸರೂ ಸೇರಿದೆ. ಪಹಣಿ ತೆರೆದು ನೋಡಿದ್ದಲ್ಲ, ಅವರು ಬಾಯಲ್ಲಿ ಹೇಳಿದ್ದು. ಕೇಳಿದ ಪ್ರಶ್ನೆ ಏನೆಂದು ನೋಡದೆ ಉತ್ತರವನ್ನು ಮಾತ್ರ ಎತ್ತಿಕೊಂಡು ಬಂದರೆ ಜಗಳ ಖಂಡಿತ.

ಸರಿಯಾಗಿ ಓದಿದರೆ ನಮ್ಮ ವಾದ ಸೊರಗುತ್ತದೆ ಎಂದು ಹೆದರುವವರಿಗೆ ಇನ್ನೊಂದು ಲೆಕ್ಕ. ಮನೆಗೆಲಸಕ್ಕೆ ದಿನಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಎಂದು 2019ರ ಸಮಯ ಬಳಕೆ ಸಮೀಕ್ಷೆಯಿಂದ ಎಲ್ಲರೂ ಎತ್ತಿ ಬರೆಯುತ್ತಾರೆ. ಆದರೆ ಅದು ಆ ದಿನ ಕೆಲಸಕ್ಕೆ ಕೈ ಹಚ್ಚಿದವರ ಸರಾಸರಿ ಮಾತ್ರ. ಕೈ ಹಚ್ಚಿದ ಹೆಂಗಸರು ಶೇ 81.2, ಗಂಡಸರು ಶೇ 26.1. ಕೈ ಹಚ್ಚದವರನ್ನೂ ಸೇರಿಸಿ ಗುಣಿಸಿ ನೋಡಿ: ಸುಮಾರು 243 ನಿಮಿಷಕ್ಕೆ 25 ನಿಮಿಷ. ಮೂರು ಪಟ್ಟು ಎಂದುಕೊಂಡಿದ್ದು ಹತ್ತಿರ ಹತ್ತಿರ ಹತ್ತು ಪಟ್ಟು! ಇಷ್ಟು ಗಟ್ಟಿ ಸಾಕ್ಷಿ ಕೈಯಲ್ಲಿರುವಾಗ 1978ರ ಊಹೆ ಯಾಕೆ ಬೇಕು?

ಪೋಸ್ಟ್ ಅಳಿಸಬೇಡಿ. ಅದರ ಮೇಲೆಯೇ ‘ಈ ಅಂಕಿಗೆ ಆಧಾರವಿಲ್ಲ, ತಪ್ಪಾಯಿತು’ ಎಂದು ಬರೆದು, ಸಮೀಕ್ಷೆಯ ಹೆಸರು, ವರ್ಷ, ಯಾರನ್ನು ಏನು ಕೇಳಿದ್ದು ಎಂಬುದರ ಸಮೇತ ಸರಿಯಾದದ್ದನ್ನು ಹಾಕಿ. ಗುಟ್ಟಾಗಿ ಅಳಿಸಿದರೆ ಅವನ ಬಳಿ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ.

ಪ್ರಶ್ನೆ: ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ನಾಲ್ಕೇ ವರ್ಷದಲ್ಲಿ ಇಮ್ಮಡಿಯಾಯಿತಂತೆ, ನಿಜವೇ?

ಉತ್ತರ: ಹಿಂಸೆ ಅನುಭವಿಸಿದ್ದೇವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆ ಹೇಳಿದವರು ಶೇ 20.6ರಿಂದ 44.4ಕ್ಕೆ ಏರಿದ್ದು ನಿಜ. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ ಎಂಬುದು ಈ ಅಂಕಿಯೊಂದರಿಂದ ಗೊತ್ತಾಗದು. ‘ಹೇಳಿಕೊಂಡವರು’ ಎಂದೇ ಬರೆಯಿರಿ.

ಪ್ರಶ್ನೆ: ಹೆಂಗಸರಿಗೆ ಜಗತ್ತಿನಲ್ಲೇ ಅತಿ ಅಪಾಯಕಾರಿ ದೇಶ ಭಾರತ ಎಂದು ಬರೆಯಬಹುದೇ?

ಉತ್ತರ: ಬೇಡ. ಹಾಗೆಂದ 2018ರ ಥಾಮ್ಸನ್ ರಾಯ್ಟರ್ಸ್ ಪ್ರತಿಷ್ಠಾನದ ಪಟ್ಟಿ ಸುಮಾರು 550 ಪರಿಣತರ ಅಭಿಪ್ರಾಯ, ಅಪರಾಧಗಳ ಎಣಿಕೆಯಲ್ಲ.

ಪ್ರಶ್ನೆ: ಅನುಭವವೇ ಸಾಕ್ಷಿಯಲ್ಲವೇ?

ಉತ್ತರ: ಹೌದು, ‘ನನ್ನ ಮನೆಯಲ್ಲಿ ಹೀಗಾಯಿತು’ ಎಂದು ಬರೆದಾಗ. ‘ಹತ್ತರಲ್ಲಿ ಎಂಟು ಮನೆಗಳಲ್ಲಿ’ ಎಂದಾಗ ಎಣಿಸಿದವರನ್ನು ತೋರಿಸಿ.

ಪ್ರಶ್ನೆ: 498ಎ (ಗಂಡ, ಅವನ ಮನೆಯವರ ಕ್ರೌರ್ಯದ ವಿರುದ್ಧ ಹಳೆಯ ದಂಡ ಸಂಹಿತೆಯಲ್ಲಿದ್ದ ಕಲಂ) ಕೇಸುಗಳಲ್ಲಿ ಶಿಕ್ಷೆಯಾಗುವುದೇ ಅಪರೂಪ. ಉಳಿದದ್ದೆಲ್ಲ ಸುಳ್ಳು ಕೇಸು ತಾನೇ?

ಉತ್ತರ: ಅಲ್ಲ. ರಾಜಿಯಾದದ್ದು, ಸಾಕ್ಷಿ ತಿರುಗಿಬಿದ್ದದ್ದು, ಪುರಾವೆ ಸಾಲದೆ ಬಿದ್ದುಹೋದದ್ದು ಎಲ್ಲವೂ ಶಿಕ್ಷೆಯಾಗದ ಲೆಕ್ಕಕ್ಕೇ ಸೇರುತ್ತವೆ. ಪೊಲೀಸ್ ತನಿಖೆಯಲ್ಲಿ ಸುಳ್ಳೆಂದು ಕಂಡ ಪ್ರಕರಣಗಳಿಗೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಲ್ಲಿ ಬೇರೆ ಕಾಲಂ ಇದೆ. ಯೂಟ್ಯೂಬಿನಲ್ಲಿ ಕರಿಕೋಟು ಹಾಕಿ ಕೂತು ಈ ಎರಡನ್ನೂ ಕಲಸುವವರನ್ನು ಆ ಕಾಲಂ ತೋರಿಸಿ ಎಂದು ಕೇಳಿ.